ನಾಟಿಗೆ 40 ಜನ, ಕಳೆ ಕೀಳೋಕೆ 4 ಜನ. ಒಟ್ಟಿಗೆ ಗದ್ದೆ ಮಾಡೋರು ಇದನ್ನ ಹೇಗೆ ನಡೆಸ್ತೀರ?

ಅಗೆಮಡಿ:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಕೊಡಗಿನ ಅಮ್ಮತ್ತಿ ಕಡೆ ನಮ್ಮೂರಲ್ಲಿ ನಾವು ಕೆಲವರು ಸೇರಿ 80 ಸೆಂಟ್ ಪಾಳು ಗದ್ದೆ ಮತ್ತೆ ಅದರ ಮೇಲಿನ ಏರಿಯಲ್ಲಿ 15 ಸೆಂಟ್ ತರಕಾರಿ ಮಾಡ್ತಿದ್ದೀವಿ, ಇದು ಮೂರನೇ ವರ್ಷ. ಜಾಗ ಪಕ್ಕದ ಮನೆ ಮಾವಂದು, ಅವರಿಗೆ ವಯಸ್ಸಾಯ್ತು, ಮಗ ಆರ್ಮಿಯಲ್ಲಿ, ಗದ್ದೆ ಏಳೆಂಟು ವರ್ಷ ಹಾಗೇ ಬಿದ್ದಿತ್ತು, ಆಳೆತ್ತರ ಜೊಂಡು ಬೆಳ್ದಿತ್ತು. ಸಂಬಳಕ್ಕೆ ಯಾರೂ ಇಲ್ಲ, ಎಲ್ಲ ಸ್ವಯಂಸೇವಕರೇ. ವಿಷ ಹಾಕದೆ ಬೆಳೆಯೋದು, ಊರಿನವರು ವಾರಕ್ಕೊಂದು ದಿನ ಒಂದು ಕಡೆ ಸೇರೋದು, ಮಕ್ಕಳಿಗೆ ಅಕ್ಕಿ ಎಲ್ಲಿಂದ ಬರುತ್ತೆ ಅಂತ ಗೊತ್ತಾಗೋದು, ಇಷ್ಟೇ ನಮ್ಮ ಆಸೆ.

ಮೊದಲ ವರ್ಷ ಕಾಡುಹಂದಿ ಬಂದು ಮುಕ್ಕಾಲು ಪಾಲು ಹಾಳು ಮಾಡ್ತು. ಎರಡನೇ ವರ್ಷ 10 ಕ್ವಿಂಟಲ್ ಭತ್ತ ಆಯ್ತು, ಬೀಜಕ್ಕೆ ಎತ್ತಿಟ್ಟು ಮಿಲ್ ಮಾಡಿಸಿದ್ರೆ ಹತ್ತಿರ ಹತ್ತಿರ 6 ಕ್ವಿಂಟಲ್ ಅಕ್ಕಿ. ಮಾವಂಗೆ 1 ಕ್ವಿಂಟಲ್ ಕೊಟ್ಟು ಉಳಿದಿದ್ದನ್ನ ಬಂದವರಿಗೆಲ್ಲ ಸಮ ಹಂಚಿದ್ವಿ. ಅಲ್ಲೇ ಮನಸ್ತಾಪ ಶುರು ಆಗಿದ್ದು. ನಾಟಿಗೆ ಒಂದು ದಿನ ಬಂದವರಿಗೂ ಅಷ್ಟೇ, ಆಗಸ್ಟ್ ಪೂರ್ತಿ ಮಳೆಯಲ್ಲಿ ಬೆನ್ನು ಬಗ್ಗಿಸಿದವರಿಗೂ ಅಷ್ಟೇ.

ಈ ಸಲ ಹೋದ ಭಾನುವಾರ ನಾಟಿ ಮುಗೀತು, 40 ಜನ ಬಂದಿದ್ರು, ಮಡಿಕೇರಿಯಿಂದ ಮೈಸೂರಿಂದ ಎಲ್ಲ ಬಂದಿದ್ರು, ತುಂಬ ಖುಷಿ ಆಯ್ತು. ಈಗ ಕಳೆ ಶುರು ಆಗುತ್ತೆ. ಗ್ರೂಪಲ್ಲಿ ಯಾರು ಬರ್ತೀರ ಅಂತ ಕೇಳಿದ್ರೆ 4 ಜನ ಕೈ ಎತ್ತಿದ್ದಾರೆ, ಅದರಲ್ಲಿ ಒಬ್ಬಳು ನಾನು ಇನ್ನೊಬ್ಬರು ನಮ್ಮಮ್ಮ. ನನಗೆ ಯಾರ ಮೇಲೂ ಸಿಟ್ಟಿಲ್ಲ, ಆದ್ರೆ ಹೀಗೇ ಆದ್ರೆ ಮುಂದಿನ ವರ್ಷ ಗದ್ದೆ ಮತ್ತೆ ಪಾಳು ಬೀಳುತ್ತೆ. ಹೀಗೆ ನಡೆಸಿದವರು ಯಾರಾದ್ರೂ ಇದ್ರೆ ಹೇಳಿ.

ಕಕ್ಕಬ್ಬೆ ಮಳೆ:
ಅಕ್ಕ ಮೊದಲು ಒಂದು ಮಾತು, ಏಳೆಂಟು ವರ್ಷ ಪಾಳು ಬಿದ್ದ ಗದ್ದೆಯನ್ನ ಮತ್ತೆ ನಾಟಿಗೆ ತಂದಿದ್ದೀರಲ್ಲ ಅದೇ ದೊಡ್ಡದು. ಬದು ಒಡೆದಿರುತ್ತೆ, ತೋಡು (ನೀರು ಹರಿಯೋ ಸಣ್ಣ ಹಳ್ಳ) ಮುಚ್ಚಿರುತ್ತೆ, ಮಾಡಿದವರಿಗೇ ಗೊತ್ತು.

ನಮ್ಮಜ್ಜಿ ಕಾಲದಲ್ಲಿ ಮುಯ್ಯಾಳು ಅಂತ ಇತ್ತು. ಇವತ್ತು ನಿಮ್ಮನೆಯಿಂದ ಇಬ್ಬರು ನಮ್ಮ ಗದ್ದೆಗೆ ಬಂದ್ರೆ ನಾಡಿದ್ದು ನಮ್ಮನೆಯಿಂದ ಇಬ್ಬರು ನಿಮ್ಮ ಗದ್ದೆಗೆ. ದುಡ್ಡಿನ ಮಾತೇ ಇಲ್ಲ. ಆದ್ರೆ ಲೆಕ್ಕ ಇತ್ತು, ಅದನ್ನ ಮರೀಬಾರ್ದು, ಅಜ್ಜಿ ಓದಿದವರಲ್ಲ ಆದ್ರೆ ಯಾರು ಎಷ್ಟು ದಿನ ಬಾಕಿ ಅಂತ ಬಾಯಲ್ಲೇ ಹೇಳ್ತಿದ್ರು. ಪ್ರೀತಿ ಉಳಿಯೋದು ಲೆಕ್ಕ ಸರಿ ಇದ್ರೆ. ನೀವು ಒಂದು ನೋಟ್‌ಬುಕ್ ಇಡಿ, ಬಂದ ದಿನ ಬರೀರಿ, ಅಕ್ಕಿ ದಿನದ ಲೆಕ್ಕದಲ್ಲಿ ಹಂಚಿ.

ಮಡಿಕೇರಿ ಚಳಿ:
ಮುಯ್ಯಾಳು ಗದ್ದೆ ಇರೋರ ಮಧ್ಯೆ ನಡೆಯೋದು ಅಣ್ಣ. ಟೌನಲ್ಲಿ ಬಾಡಿಗೆ ಮನೆಯಲ್ಲಿರೋ ನಾನು ಬಂದ್ರೆ ಅವರು ನನಗೆ ಎಲ್ಲಿ ಬಂದು ಮುಯ್ಯಿ ತೀರಿಸೋದು?

ಕಕ್ಕಬ್ಬೆ ಮಳೆ:
ಅದಕ್ಕೇ ಅಕ್ಕಿ ಅಂದಿದ್ದು. ನಿಮ್ಮ ಮುಯ್ಯಿ ಅಕ್ಕಿಯಲ್ಲಿ ತೀರುತ್ತೆ.

ಅಗೆಮಡಿ:
ಲೆಕ್ಕ ಹಾಕಿ ನೋಡಿದೆ. ಹೋದ ವರ್ಷ ಎಲ್ಲರದೂ ಸೇರಿ ಸುಮಾರು 200 ದಿನದ ಕೆಲಸ ಆಗಿದೆ, 5 ಕ್ವಿಂಟಲ್ ಹಂಚಿದ್ದೀವಿ, ಅಂದ್ರೆ ದಿನಕ್ಕೆ ಎರಡೂವರೆ ಕೆಜಿ ಅಕ್ಕಿ. ಅದಕ್ಕೋಸ್ಕರ ಯಾರೂ ಬರಲ್ಲ ಅನ್ಸುತ್ತೆ. ಆದ್ರೆ ಸಮ ಹಂಚಿದ್ದಕ್ಕಿಂತ ನ್ಯಾಯ ಇದೆ.

ಶುಂಠಿ ಲೆಕ್ಕ:
ಬೇಜಾರು ಮಾಡ್ಕೋಬೇಡಿ, ಎರಡೂವರೆ ಕೆಜಿ ಅಕ್ಕಿಗೆ ಒಂದು ದಿನ ಅಂದ್ರೆ ಇದು ಕೃಷಿ ಅಲ್ಲ. ನಮ್ಮ ಪಕ್ಕದ ಗದ್ದೆಯವರು ಶುಂಠಿಗೆ ಕೊಟ್ರು, ಒಂದೇ ವರ್ಷದಲ್ಲಿ ಮನೆ ರಿಪೇರಿ ಮಾಡಿಸಿದ್ರು. ಇನ್ನೊಬ್ಬರು ಅಡಿಕೆ ಹಾಕಿದ್ರು. ಭತ್ತದಲ್ಲಿ ನಷ್ಟ ಆಗ್ತಿರೋದಕ್ಕೇ ಜನ ಬಿಟ್ಟಿದ್ದು, ಸೋಮಾರಿತನದಿಂದ ಅಲ್ಲ. ಅದನ್ನ ಒಪ್ಕೊಂಡು ಮಾತಾಡೋಣ.

ಬಾಣೆಕಾಡು:
ನಷ್ಟ ಅನ್ನೋದು ಒಪ್ಪಿದೆ, ಯಾರು ಇಲ್ಲ ಅಂದ್ರು. ಆದ್ರೆ ಗದ್ದೆಯ ಲೆಕ್ಕ ಭತ್ತಕ್ಕೇ ಮುಗಿಯಲ್ಲ ಸರ್. ನಮ್ಮನೆ ಬಾವಿ ಕಥೆ ಹೇಳ್ತೀನಿ. ನಾನು ಚಿಕ್ಕವನಿದ್ದಾಗ ಏಪ್ರಿಲಲ್ಲೂ ಕೈಗೆ ಸಿಗೋ ಹಾಗೆ ನೀರು. ಮೇಲಿನ ಮೂರು ಮನೆಯವರು ಗದ್ದೆ ಬಿಟ್ರು, ಬದು ಹೋಯ್ತು, ಮಳೆ ನೀರು ನಿಲ್ಲದೆ ನೇರ ತೋಡಿಗೆ ಹರೀತು. ಈಗ ಫೆಬ್ರವರಿ ಕೊನೆಗೆ ಬಾವಿ ತಳ ಕಾಣುತ್ತೆ, ಕಾಫಿ ಹೂ ಬಿಡೋಕೆ ಬೇಕಾದ ಹೂಮಳೆ ಬರ್ಲಿಲ್ಲ ಅಂದ್ರೆ ಸ್ಪ್ರಿಂಕ್ಲರ್ ಹಾಕೋಕೂ ಕೆರೆಯಲ್ಲಿ ನೀರಿಲ್ಲ. ಜೂನಿಂದ ನವೆಂಬರ್ ತನಕ ನೀರು ನಿಲ್ಲಿಸ್ಕೊಂಡು ನಿಧಾನಕ್ಕೆ ಭೂಮಿಗೆ ಇಳಿಸೋದು ಗದ್ದೆ. ಕಾವೇರಿ ಹುಟ್ಟೋ ಜಿಲ್ಲೆಯಲ್ಲಿ ಕುಡಿಯೋ ನೀರಿಗೆ ಟ್ಯಾಂಕರ್ ಕಾಯೋದನ್ನ ನಾನು ಕಣ್ಣಾರೆ ನೋಡಿದ್ದೀನಿ.

ಶುಂಠಿ ಬಗ್ಗೆ ಹೇಳಿದ್ರಲ್ಲ, ಶುಂಠಿ ತೆಗೆದ ಮೇಲೆ ಆ ಮಣ್ಣು ಹೇಗಿತ್ತು ಅಂತ ಆ ಮನೆಯವರನ್ನೇ ಕೇಳಿ. ಕೊಳೆ ರೋಗಕ್ಕೆ ಹೆದರಿ ಎಷ್ಟು ಸಲ ಔಷಧಿ ಸುರೀತಾರೆ, ಅದು ಹೋಗೋದು ಅದೇ ತೋಡಿಗೆ.

ಶುಂಠಿ ಲೆಕ್ಕ:
ನೀರಿನ ಮಾತು ಸರಿ ಇದೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆದ್ರೆ ನೀರು ಎಲ್ಲರಿಗೂ ಬೇಕು, ನಷ್ಟ ಮಾತ್ರ ಗದ್ದೆ ಮಾಡೋನಿಗೆ. ಇದೇ ನನ್ನ ಸಂಕಟ.

ಅಗೆಮಡಿ:
ಅದಕ್ಕೇ ಸರ್ ನಾವು ಒಟ್ಟಿಗೆ ಮಾಡ್ತಿರೋದು. ನಷ್ಟ ಒಬ್ಬರ ತಲೆ ಮೇಲೆ ಬೀಳಬಾರದು ಅಂತ.

ರೈಟರ್ ಸಿದ್ದಾಪುರ:
ನಾನು ಒಂದು ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋನು. ಇಲ್ಲಿ ಇಷ್ಟು ಹೊತ್ತು ಮಾತಾಡಿದ್ರಲ್ಲ, ಒಬ್ಬರೂ ಲೈನ್ ಮನೆ (ತೋಟದ ಕೂಲಿಯವರು ಇರೋ ಸಾಲು ಮನೆ) ಜನರ ಹೆಸರೆತ್ತಲಿಲ್ಲ. ಅಕ್ಕ, ನಿಮ್ಮ ಊರಿನವರು ಅಂದ್ರೆ ಯಾರು? ನಿಮ್ಮ ಗದ್ದೆಯಿಂದ ಕೂಗಿದ್ರೆ ಕೇಳೋ ದೂರದಲ್ಲಿ ಲೈನ್ ಮನೆಗಳು ಇದ್ದೇ ಇರ್ತಾವೆ. ನಮ್ಮ ಲೈನಲ್ಲಿ ಪಣಿಯೆರವ ಬುಡಕಟ್ಟಿನವರು ಇದ್ದಾರೆ, ಅವರ ಹಿರಿಯರು ತಲೆತಲಾಂತರ ಬೇರೆಯವರ ಗದ್ದೆಯಲ್ಲಿ ದುಡಿದವರು, ಯಾವ ಬದು ಎಲ್ಲಿ ಒಡೆಯುತ್ತೆ ಅಂತ ನೋಡಿದ ತಕ್ಷಣ ಹೇಳ್ತಾರೆ. ಜೇನುಕುರುಬರು ಇದ್ದಾರೆ. ಅಸ್ಸಾಮಿಂದ ಬಂದ ಸಂಸಾರಗಳು ಇದ್ದಾವೆ, ಅವರೂ ಅಲ್ಲಿ ಭತ್ತ ಬೆಳೆದವರೇ, ಇಲ್ಲಿ ಒಂದು ಬದನೆ ಗಿಡ ನೆಡೋಕೂ ಸ್ವಂತ ಅಂತ ಒಂದಡಿ ಜಾಗ ಇಲ್ಲ. ಮೈಸೂರಿಂದ ಕಾರಲ್ಲಿ ಬರೋರನ್ನ ಕರೀತೀರ, ಇವರನ್ನ ಕರೆದಿದ್ದೀರಾ?

ಅಗೆಮಡಿ:
ಕರೆದಿಲ್ಲ ಅಣ್ಣ. ನಿಜ ಹೇಳ್ಬೇಕು ಅಂದ್ರೆ ಆ ಯೋಚನೆಯೇ ಬಂದಿರಲಿಲ್ಲ. ನಾಟಿಗೆ ಬಂದ 40 ಜನದಲ್ಲಿ ಲೈನ್ ಮನೆಯವರು ಒಬ್ಬರೂ ಇರ್ಲಿಲ್ಲ. ನೀವು ಹೇಳಿದ ಮೇಲೆ ಮನಸ್ಸಿಗೆ ಚುಚ್ತಾ ಇದೆ.

ಆಸ್ಪತ್ರೆ ಡ್ಯೂಟಿ:
ರೈಟರ್ ಅಣ್ಣ ನಿಮ್ಮ ಉದ್ದೇಶ ಒಳ್ಳೇದೇ, ಆದ್ರೆ ಆರು ದಿನ ತೋಟದಲ್ಲಿ ದುಡಿದವರನ್ನ ಏಳನೇ ದಿನ ಬಿಟ್ಟಿ ಕೆಲಸಕ್ಕೆ ಕರೆಯೋದು ತಪ್ಪು. ನಮಗೆ ಅದು ಸಮಾಜ ಸೇವೆ, ಅವರಿಗೆ ಇನ್ನೊಂದು ದಿನದ ಕೂಲಿ ಇಲ್ಲದ ಕೂಲಿ. ಅವರಿಗೆ ಸಂತೆಗೆ ಹೋಗೋಕೆ, ಬಟ್ಟೆ ಒಗೆಯೋಕೆ, ಮಲಗೋಕೆ ಇರೋದೇ ಆ ಒಂದು ದಿನ.

ರೈಟರ್ ಸಿದ್ದಾಪುರ:
ಬಿಟ್ಟಿ ಕರೀರಿ ಅಂತ ನಾನೆಲ್ಲಿ ಹೇಳ್ದೆ? ಜಾಗ ಕೊಡಿ ಅಂದೆ. ಆ 15 ಸೆಂಟಲ್ಲಿ ಮನೆಗೆ ಒಂದೊಂದು ಏರುಮಡಿ ಕೊಡಿ, ಅವರಿಗೆ ಬೇಕಾದ್ದು ಬೆಳ್ಕೊಳ್ಳಲಿ, ಅವರು ಯಾವಾಗ ಬರ್ತಾರೋ ಅದು ಅವರ ಇಷ್ಟ. ಗದ್ದೆ ಕೆಲಸಕ್ಕೆ ಬಂದ್ರೆ ಊರಲ್ಲಿ ನಡೆಯೋ ಕೂಲಿ ಕೊಡಿ, ಅಥವಾ ಅವರೇ ಒಪ್ಪಿದ್ರೆ ಅಕ್ಕಿ ಕೊಡಿ. ಕೇಳದೇ ಇರೋದಕ್ಕಿಂತ ಕೇಳಿ ಬೇಡ ಅನ್ಸಿಕೊಳ್ಳೋದು ವಾಸಿ.

ಮಡಿಕೇರಿ ಚಳಿ:
ಕೂಲಿ ಕೊಟ್ರೆ ಅದು ಸ್ವಯಂಸೇವಕರ ಗದ್ದೆ ಹೇಗಾಗುತ್ತೆ? ದುಡ್ಡು ಎಲ್ಲಿಂದ?

ಗಡಿ ಕುಟ್ಟ:
ನಾನು ಕುಟ್ಟದವನು, ಅರ್ಧ ನೆಂಟರು ವಯನಾಡಲ್ಲಿ. ಅಲ್ಲಿ ಕುಟುಂಬಶ್ರೀ (ಕೇರಳ ಸರ್ಕಾರದ ಮಹಿಳಾ ಯೋಜನೆ) ಹೆಂಗಸರ ಗುಂಪುಗಳು ಒಟ್ಟಿಗೆ ಗದ್ದೆ ಮಾಡೋದನ್ನ ಹತ್ತಿರದಿಂದ ನೋಡಿದ್ದೀನಿ. ಕುಟುಂಬಶ್ರೀ ಶುರುವಾಗಿದ್ದು 1998ರಲ್ಲಿ, ಅದರಲ್ಲಿ ಕೃಷಿಗೆ ಅಂತಾನೇ ಸಣ್ಣ ಗುಂಪು, ನಾಲ್ಕರಿಂದ ಹತ್ತು ಜನ ಅಷ್ಟೇ. ಪಾಳು ಜಾಗ ಹುಡುಕಿ ಬೆಳೀತಾರೆ, ಬ್ಯಾಂಕಿಂದ ಗುಂಪಿನ ಹೆಸರಲ್ಲಿ ಸಾಲ ಸಿಗುತ್ತೆ, ಯಾರು ಎಷ್ಟು ಬಂದ್ರು ಅಂತ ರಿಜಿಸ್ಟರ್ ಇರುತ್ತೆ. ನೀವು 40 ಜನರನ್ನ ಹಿಡಿದಿಡೋಕೆ ನೋಡ್ತಿದ್ದೀರ, ಅದು ಆಗೋ ಕೆಲಸ ಅಲ್ಲ. ಹತ್ತು ಜನರ ಗಟ್ಟಿ ಗುಂಪು ಮಾಡಿ, ಗದ್ದೆ ಜವಾಬ್ದಾರಿ ಅವರದು. ಉಳಿದ 30 ಜನ ನೆಂಟರ ಹಾಗೆ, ಬಂದಾಗ ಬರ್ಲಿ ಊಟ ಮಾಡಿ ಹೋಗ್ಲಿ.

ಮಡಿಕೇರಿ ಚಳಿ:
ನಾನೂ ಆ ನೆಂಟರಲ್ಲೇ ಒಬ್ಬ, ನಾಟಿಗೆ ಬಂದಿದ್ದೆ. ಓದಿ ಸ್ವಲ್ಪ ನೋವಾಯ್ತು, ಆದ್ರೆ ಸುಳ್ಳಲ್ಲ. ಒಂದು ಮಾತು ಹೇಳ್ತೀನಿ ಅಕ್ಕ, ಕಳೆ ಕೀಳೋಕೆ ಬನ್ನಿ ಅಂತ ನೀವು ಗ್ರೂಪಲ್ಲಿ ಹಾಕಿದ್ದು ಶನಿವಾರ ರಾತ್ರಿ 9 ಗಂಟೆಗೆ. ಮಡಿಕೇರಿಯಿಂದ ಬಸ್ಸಲ್ಲಿ ಬರೋರಿಗೆ ಅಷ್ಟು ಹೊತ್ತಲ್ಲಿ ಏನೂ ಮಾಡೋಕಾಗಲ್ಲ. ಮುಂಚೆನೇ ತಾರೀಕು ಹೇಳಿದ್ರೆ ನಾನಂತೂ ಬರ್ತೀನಿ.

ಅಗೆಮಡಿ:
ಇದು ನನ್ನ ತಪ್ಪು. ಒಪ್ಕೊಂಡೆ. ಮಳೆ ನೋಡ್ಕೊಂಡು ಹೇಳೋಣ ಅಂತ ಕಾಯ್ತಿದ್ದೆ, ಕಕ್ಕಡದಲ್ಲಿ (ಜುಲೈ-ಆಗಸ್ಟಲ್ಲಿ ಬರೋ ನಮ್ಮ ಮಳೆ ತಿಂಗಳು) ಮಳೆ ನೋಡ್ಕೊಂಡು ಕೂತ್ರೆ ಯಾವ ದಿನವೂ ಸಿಗಲ್ಲ.

ಕಾಗದ ಪತ್ರ:
ಎಲ್ಲರೂ ಕಳೆ ಬಗ್ಗೆ ಮಾತಾಡ್ತಿದ್ದೀರ, ನಾನು ಜಾಗದ ಬಗ್ಗೆ ಕೇಳ್ತೀನಿ. ಆ ಮಾವನ ಹತ್ತಿರ ಏನಾದ್ರೂ ಬರಹದಲ್ಲಿ ಇದೆಯಾ? ಹೋದ ವರ್ಷ 1 ಕ್ವಿಂಟಲ್ ಅಕ್ಕಿ ಕೊಟ್ವಿ ಅಂತ ಬರೆದಿದ್ದೀರಲ್ಲ, ಅದನ್ನ ಯಾರಾದ್ರೂ ಗೇಣಿ ಅಂತ ಓದಿದ್ರೆ?

ಕರ್ನಾಟಕ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿ ಜಮೀನು ಗೇಣಿಗೆ ಕೊಡೋ ಹಾಗಿಲ್ಲ, 5ನೇ ಸೆಕ್ಷನ್. 1974ರ ತಿದ್ದುಪಡಿ ಆದಾಗ ಉಳುವವನೇ ಹೊಲದೊಡೆಯ ಅಂತ ಎಷ್ಟೋ ಗೇಣಿದಾರರಿಗೆ ಜಮೀನು ಬಂತು, ಅದು ಬಹಳ ದೊಡ್ಡ ಕೆಲಸ, ನಾನು ಅದರ ವಿರುದ್ಧ ಅಲ್ಲ. ಆದ್ರೆ ಆ ನೆನಪಿಂದಾನೇ ಇವತ್ತೂ ಜಾಗದ ಯಜಮಾನರು ಬೇರೆಯವರಿಗೆ ಗದ್ದೆ ಮಾಡೋಕೆ ಬಿಡಲ್ಲ, ಪಾಳು ಬಿದ್ರೂ ಪರವಾಗಿಲ್ಲ ಅಂತಾರೆ. ನಮ್ಮ ಜಿಲ್ಲೆಯಲ್ಲಿ ಗದ್ದೆ ಪಾಳು ಬೀಳೋಕೆ ಈ ಹೆದರಿಕೆಯೂ ಒಂದು ಕಾರಣ, ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ.

ಅಗೆಮಡಿ:
ಸರ್ ಮಗ ಆರ್ಮಿಯಲ್ಲಿದ್ದಾರೆ, ಸೈನಿಕರಿಗೆ ವಿನಾಯಿತಿ ಇದೆ ಅಂತ ಕೇಳಿದ್ದೆ?

ಕಾಗದ ಪತ್ರ:
ಇದೆ. ಸೈನಿಕರು ಮತ್ತೆ ನಾವಿಕರು ತಮ್ಮ ಜಮೀನು ಗೇಣಿಗೆ ಕೊಡಬಹುದು. ಆದ್ರೆ ನೀವು ಹೇಳಿದ ಪ್ರಕಾರ ಜಾಗ ಇರೋದು ಅಪ್ಪನ ಹೆಸರಲ್ಲಿ, ಮಗನ ಕೆಲಸ ಇಲ್ಲಿ ನೆರವಿಗೆ ಬರಲ್ಲ. ಇನ್ನೊಂದು, ಅದು ಜಮ್ಮಾ ಜಾಗ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗ) ಆಗಿದ್ರೆ ಆರ್‌ಟಿಸಿಯಲ್ಲಿ ಪಟ್ಟೆದಾರರ (ಕುಟುಂಬದ ಯಜಮಾನರ) ಹೆಸರಿರಬಹುದು, ಕುಟುಂಬದ ಎಲ್ಲರ ಹಕ್ಕೂ ಇರುತ್ತೆ, ಮಾವ ಒಬ್ಬರು ಹೂಂ ಅಂದ್ರೆ ಸಾಲದು.

ನನ್ನ ಸಲಹೆ ಏನಂದ್ರೆ, ಗೇಣಿ ಅಗ್ರಿಮೆಂಟ್ ಮಾಡ್ಕೋಬೇಡಿ. ಸಾಗುವಳಿ ಮಾಡ್ತಿರೋದು ಮಾವನೇ, ನೀವೆಲ್ಲ ಅವರಿಗೆ ಸಹಾಯಕ್ಕೆ ಬರ್ತಿರೋ ಸ್ವಯಂಸೇವಕರು, ಜಮೀನಿನ ಮೇಲೆ ನಿಮಗೆ ಯಾವ ಹಕ್ಕೂ ಇಲ್ಲ, ಯಾವತ್ತೂ ಕೇಳಲ್ಲ ಅಂತ ನೀವೇ ಬರೆದು ಕೊಡಿ. ಒಬ್ಬ ಒಳ್ಳೆ ವಕೀಲರಿಗೆ ತೋರಿಸಿ. ಆ ಒಂದು ಹಾಳೆ ಮಾವನ ಮಗನ ಕೈಗೆ ಕೊಟ್ರೆ ಅವರ ಮನಸ್ಸಿನ ಭಯ ಹೋಗುತ್ತೆ, ನಿಮಗೆ ಇನ್ನೈದು ವರ್ಷ ಗದ್ದೆ ಸಿಗುತ್ತೆ.

ಬಾಣೆಕಾಡು:
ಹಳೇ ಕಾಲದಲ್ಲಿ ಗದ್ದೆ ಜೊತೆ ಬಾಣೆ (ಗದ್ದೆಗೆ ಸೇರಿದ ಕಾಡು ಜಾಗ) ಕೊಡ್ತಿದ್ದಿದ್ದೇ ಯಾಕೆ ಅಂತ ಈಗಿನವರಿಗೆ ಮರೆತೇ ಹೋಗಿದೆ. ಸೊಪ್ಪು, ಸೌದೆ, ದನ ಮೇಯಿಸೋಕೆ. ಬಾಣೆಯ ಸೊಪ್ಪು ಗದ್ದೆಗೆ ಗೊಬ್ಬರ. ಈಗ ಬಾಣೆ ಎಲ್ಲ ಕಾಫಿ ತೋಟ ಆಯ್ತು, ಗದ್ದೆಗೆ ಸೊಪ್ಪಿಲ್ಲ, ಮೂಟೆ ಗೊಬ್ಬರ ಬಂತು. ಅಕ್ಕ ನೀವು ಗೊಬ್ಬರಕ್ಕೆ ಏನು ಮಾಡ್ತೀರ?

ಅಗೆಮಡಿ:
ಬೇಲಿಯ ಗ್ಲಿರಿಸಿಡಿಯಾ ಸೊಪ್ಪು ತುಳಿಸ್ತೀವಿ, ಕಾಫಿ ಪಲ್ಪರ್ ಸಿಪ್ಪೆ ಕಾಂಪೋಸ್ಟ್ ಮಾಡಿ ಹಾಕ್ತೀವಿ, ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಎಲ್ಲ ಸೇರಿಸಿ ಕೊಳೆಸಿದ ನೀರು) ತಿಂಗಳಿಗೊಂದು ಸಲ.

ಕುಶಾಲನಗರದವ:
ಜೀವಾಮೃತ ಅಂತ ಹೇಳಿ ಎಲ್ಲ ಆಗೋಗುತ್ತೆ ಅನ್ಕೋಬೇಡಿ. 200 ಲೀಟರ್ ನೀರಿಗೆ 10 ಕೆಜಿ ಸಗಣಿ ಹಾಕಿ ಎಕರೆಗೆ ಬಿಟ್ರೆ ಅದರಲ್ಲಿರೋ ಸಾರಜನಕ ಎಷ್ಟು, ಲೆಕ್ಕ ಹಾಕಿ ನೋಡಿ. ನಾನು ಎರಡು ವರ್ಷ ಯೂರಿಯಾ ಪೂರ್ತಿ ಬಿಟ್ಟು ಇಳುವರಿ ಅರ್ಧಕ್ಕೆ ಬಂತು. ಸ್ವಲ್ಪ ಹಾಕಿದ್ರೆ ಯಾರೂ ಸಾಯಲ್ಲ.

ಚೆಟ್ಟಳ್ಳಿ ಕಿತ್ತಳೆ:
ಜೀವಾಮೃತ ಗೊಬ್ಬರ ಅಲ್ಲ, ಹೆಪ್ಪು ಇದ್ದ ಹಾಗೆ. ಹೆಪ್ಪು ಹಾಕೋಕೆ ಹಾಲು ಬೇಕಲ್ವ, ಆ ಹಾಲು ಸೊಪ್ಪು ಸಗಣಿ ಕಾಂಪೋಸ್ಟ್. ಅದನ್ನ ಹಾಕದೆ ಬರೀ ಜೀವಾಮೃತ ಬಿಟ್ರೆ ಇಳುವರಿ ಬಿದ್ದೇ ಬೀಳುತ್ತೆ. ಮತ್ತೆ ಕುಶಾಲನಗರದ ಕಡೆ ಮಳೆ ಬೇರೆ ಮಣ್ಣು ಬೇರೆ, ಇಲ್ಲಿ ಮಳೆಗೆ ಸುಣ್ಣದ ಅಂಶ ಎಲ್ಲ ತೊಳೆದು ಹೋಗಿ ಮಣ್ಣು ಹುಳಿ. ಹುಳಿ ಮಣ್ಣಿಗೆ ಏನೇ ಹಾಕಿದ್ರೂ ಗಿಡಕ್ಕೆ ಸಿಗೋದು ಕಮ್ಮಿ. ಗೋಣಿಕೊಪ್ಪ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದಷ್ಟು ಸುಣ್ಣ ಬೇಸಿಗೆ ಉಳುಮೆಯಲ್ಲಿ ಹಾಕಿ. ಮೊದಲು ಅದು, ಆಮೇಲೆ ಉಳಿದಿದ್ದು.

ಕಾಫಿ ಸಿಪ್ಪೆ ಹಸಿ ಹಾಕಬೇಡಿ, ಪೂರ್ತಿ ಕೊಳೆತ ಮೇಲೆ ಮಾತ್ರ. ಪೊಟ್ಯಾಶ್ ಚೆನ್ನಾಗಿರುತ್ತೆ ಅದರಲ್ಲಿ.

ಮತ್ತೆ ಕಳೆ ವಿಷಯ. ನಾಟಿ ಸಾಲಾಗಿ ಮಾಡಿದ್ದೀರಾ ಇಲ್ವ?

ಅಗೆಮಡಿ:
ಇಲ್ಲ. 40 ಜನ, ಮುಕ್ಕಾಲು ಜನ ಮೊದಲ ಸಲ. ಎಲ್ಲಿ ಕೈ ಹೋಯ್ತೋ ಅಲ್ಲಿ.

ಚೆಟ್ಟಳ್ಳಿ ಕಿತ್ತಳೆ:
ಅಲ್ಲೇ ಇರೋದು ನಿಮ್ಮ ಅರ್ಧ ಕಷ್ಟ. ಮುಂದಿನ ವರ್ಷ ಹಗ್ಗಕ್ಕೆ 25 ಸೆಂಟಿಮೀಟರಿಗೊಂದು ಗಂಟು ಹಾಕಿ, ಎರಡು ಕಡೆ ಇಬ್ಬರು ಮಕ್ಕಳು ಹಿಡ್ಕೊಳ್ಳಲಿ, ಗಂಟಿಗೊಂದು ಸಸಿ. ಹೊಸಬರಿಗೂ ತಪ್ಪಲ್ಲ. ಸಾಲು ಸರಿ ಇದ್ರೆ ಕೋನೋವೀಡರ್ (ಕೈಯಲ್ಲಿ ತಳ್ಳೋ ಕಳೆ ಯಂತ್ರ) ಓಡಿಸಬಹುದು, ಹತ್ತು ಜನ ಇಡೀ ದಿನ ಬಗ್ಗಿ ಮಾಡೋದನ್ನ ಇಬ್ಬರು ನಿಂತ್ಕೊಂಡು ಮಾಡ್ತಾರೆ, ಕಳೆ ಅಲ್ಲೇ ಕೆಸರಲ್ಲಿ ಸೇರಿ ಗೊಬ್ಬರ ಆಗುತ್ತೆ. ಶ್ರೀ ಪದ್ಧತಿ ಅಂತ 10-12 ದಿನದ ಎಳೆ ಸಸಿ ಹಾಕೋಕೆ ಹೋಗ್ಬೇಡಿ, ನಮ್ಮ ತಗ್ಗು ಗದ್ದೆಯಲ್ಲಿ ಜುಲೈ ಮಳೆಗೆ ಮುಳುಗಿ ಕೊಳೆಯುತ್ತೆ. ಬಲಿತ ಸಸಿಯೇ ಇರ್ಲಿ, ಸಾಲು ಮಾತ್ರ ಬೇಕು. ಮೊದಲ ಸಲ ನಾಟಿ ಆಗಿ 12 ದಿನಕ್ಕೆ ಓಡಿಸಿ, ಮತ್ತೆ ಹತ್ತು ದಿನ ಬಿಟ್ಟು ಇನ್ನೊಂದು ಸಲ.

ಯಾವ ಭತ್ತ ಹಾಕಿದ್ದೀರ?

ಅಗೆಮಡಿ:
ಮುಕ್ಕಾಲು ಭಾಗ ಇಂಟಾನ್, ಒಂದು ಮಡಿ ಸಣ್ಣಕ್ಕಿ. ಬೆಂಕಿ ರೋಗದ ಭಯಕ್ಕೆ ಇಂಟಾನ್, ಪಾಯಸದ ಆಸೆಗೆ ಸಣ್ಣಕ್ಕಿ.

ಗಾಂಧಾರಿಮೆಣಸು:
ಸಣ್ಣಕ್ಕಿ ಬೀಜ ನನಗೊಂದು ಸೇರು ಬೇಕು!! ನಮ್ಮಲ್ಲಿ ಅತ್ತೆ ತೀರಿಕೊಂಡ ಮೇಲೆ ಬೀಜ ತಪ್ಪಿ ಹೋಯ್ತು. ಬದಲಿಗೆ ನಮ್ಮದು ಭಾಗಮಂಡಲ ಕಡೆಯ ಮಳೆಗೆ ತಡೆಯೋ ಸೌತೆ ಬೀಜ ಇದೆ, ಗಾಂಧಾರಿ ಮೆಣಸು ಇದೆ, ಮೂರು ಥರ ಕೆಸುವಿನ ಗೆಡ್ಡೆ ಇದೆ, ಕೊಡ್ತೀನಿ.

ಏರುಮಡಿ ತರಕಾರಿಗೆ ಒಂದು ಮಾತು, ಜೂನ್ ಜುಲೈಯಲ್ಲಿ ಬೀನ್ಸ್ ಟೊಮೆಟೊ ಅಂತ ಕಷ್ಟ ಪಡ್ಬೇಡಿ, ಕೊಳೆತು ಹೋಗುತ್ತೆ. ಮಳೆಗಾಲಕ್ಕೆ ಇರೋದು ಕೆಸು, ಸೌತೆ, ಬಸಳೆ, ಮರಕೆಸು, ಕಣಿಲೆ (ಎಳೆ ಬಿದಿರು), ಅಣಬೆ. ಅದನ್ನೇ ತಿನ್ನೋದು. ಬೀನ್ಸ್ ಅವರೆ ಎಲ್ಲ ಕೊಯ್ಲಾದ ಮೇಲೆ ಗದ್ದೆಯಲ್ಲೇ ಹಾಕಿ, ತೇವ ಇರುತ್ತೆ.

ಕುಶಾಲನಗರದವ:
ಬೀಜ ಹೀಗೆ ಕೊಡೋದು ತಗೊಳ್ಳೋದು ಕಾನೂನು ಪ್ರಕಾರ ಸರಿನಾ? ಏನೋ ಕೇಸ್ ಆಗುತ್ತೆ ಅಂತ ಯಾರೋ ಹೇಳಿದ್ರು.

ಕಾಗದ ಪತ್ರ:
ಧೈರ್ಯವಾಗಿ ಕೊಡಿ. ಸಸ್ಯ ತಳಿಗಳ ಮತ್ತು ರೈತರ ಹಕ್ಕು ರಕ್ಷಣೆ ಕಾಯ್ದೆ 2001ರದು, ರೈತರು ಬೀಜ ಇಟ್ಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ರಕ್ಷಣೆ ಪಡೆದ ತಳಿಯನ್ನ ಬ್ರ್ಯಾಂಡ್ ಹೆಸರು ಹಾಕಿ ಪ್ಯಾಕೆಟ್ ಮಾಡಿ ಮಾರೋ ಹಾಗಿಲ್ಲ ಅಷ್ಟೇ.

ತುಡುವೆ:
ಹಂದಿ ಆಯ್ತು, ಆನೆಗೆ ಏನು ಮಾಡಿದ್ದೀರ? ಅಮ್ಮತ್ತಿ ಸಿದ್ದಾಪುರ ಅಂದ್ರೆ ಆನೆ ಇಲ್ಲದ ದಿನ ಇಲ್ಲ.

ಅಗೆಮಡಿ:
ಬರುತ್ತೆ. ಗದ್ದೆಗಿಂತ ಹಲಸಿಗೆ ಬರೋದು ಜಾಸ್ತಿ. ಹಲಸು ಎಳೆಯದಿದ್ದಾಗಲೇ ಇಳಿಸಿಬಿಡ್ತೀವಿ, ಪಲ್ಯಕ್ಕಾಗುತ್ತೆ. ಸಂಜೆ 5ರ ಮೇಲೆ ಯಾರೂ ಗದ್ದೆಯಲ್ಲಿ ಇರಬಾರದು ಅಂತ ರೂಲ್ ಇದೆ, ಅದರಲ್ಲಿ ಯಾರಿಗೂ ವಿನಾಯಿತಿ ಇಲ್ಲ.

ತುಡುವೆ:
ಒಳ್ಳೇದು. ಖಾದಿ ಗ್ರಾಮೋದ್ಯೋಗ ಆಯೋಗದವರು 2021ರಲ್ಲಿ ನಾಗರಹೊಳೆ ಅಂಚಲ್ಲಿ ಆನೆ ಬರೋ ದಾರಿಗೆ ಜೇನು ಪೆಟ್ಟಿಗೆ ಇಡೋ ಯೋಜನೆ ಶುರು ಮಾಡಿದ್ದು ನಮ್ಮ ಜಿಲ್ಲೆಯಲ್ಲೇ. ಆನೆಗೆ ಜೇನಿನ ಸದ್ದು ಆಗಲ್ಲ. ಪೂರ್ತಿ ತಡೆಯುತ್ತೆ ಅಂತ ನಾನು ಹೇಳಲ್ಲ, ಪೆಟ್ಟಿಗೆಯಲ್ಲಿ ಸಾಕೋ ನಮ್ಮ ತುಡುವೆ ಜೇನು ಅಷ್ಟು ಸಿಟ್ಟಿಂದಲ್ಲ, ಅದೂ ಮಳೆಗಾಲದಲ್ಲಿ ಪೆಟ್ಟಿಗೆ ಬಿಟ್ಟು ಹೊರಗೇ ಬರಲ್ಲ. ಆದ್ರೂ ಎರಡು ಪೆಟ್ಟಿಗೆ ಇಡಿ, ತರಕಾರಿಗೆ ಪರಾಗಸ್ಪರ್ಶ ಆಗುತ್ತೆ, ಕಾಫಿ ಹೂ ಟೈಮಲ್ಲಿ ಜೇನೂ ಸಿಗುತ್ತೆ. ವಿಷ ಹಾಕದ ಜಾಗ ಸಿಕ್ಕಿದ್ರೆ ಜೇನು ಸಾಕೋರಿಗೆ ಅದಕ್ಕಿಂತ ಪುಣ್ಯ ಇಲ್ಲ.

ಕಕ್ಕಬ್ಬೆ ಮಳೆ:
ತೊಂಬತ್ತರ ದಶಕದ ಶುರುವಲ್ಲಿ ಜೇನು ಮರಿಗಳನ್ನ ಸಾಯಿಸೋ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ನಮ್ಮಪ್ಪನ ಅಷ್ಟೂ ಪೆಟ್ಟಿಗೆ ಖಾಲಿ ಆಯ್ತು. ಅಪ್ಪ ಆಮೇಲೆ ಪೆಟ್ಟಿಗೆ ಮುಟ್ಟಲೇ ಇಲ್ಲ, ಅಟ್ಟದ ಮೇಲೆ ಈಗಲೂ ಇದೆ. ಅಕ್ಕ ಬೇಕಾದ್ರೆ ತಂದು ಕೊಡ್ತೀನಿ, ಮರ ಗಟ್ಟಿ ಇದೆ.

ಅಗೆಮಡಿ:
ಅಣ್ಣ ಖಂಡಿತ ಬೇಕು. ಅಪ್ಪನ ಪೆಟ್ಟಿಗೆ ಅಂತ ಹೇಳಿಯೇ ಇಡ್ತೀವಿ.

ಆಸ್ಪತ್ರೆ ಡ್ಯೂಟಿ:
ನಾನು ಮತ್ತೆ ಅಡ್ಡ ಬರ್ತಿದ್ದೀನಿ, ಆದ್ರೆ ಇದು ಮುಖ್ಯ. ಗದ್ದೆಗೆ ಇಳಿಯೋ ಹೊಸಬರಿಗೆ ಇಲಿ ಜ್ವರದ ಬಗ್ಗೆ ಹೇಳಿದ್ದೀರಾ? ಇಲಿ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಾಗಿದ್ರೆ ಬರುತ್ತೆ. ಜಿಗಣೆ ಕಚ್ಚಿ ಕೆರೆದ ಗಾಯ ಇದ್ರೂ ಸಾಕು. ಗಾಯ ಇರೋರು ಗದ್ದೆಗೆ ಇಳೀಬಾರದು, ಮೇಲಿನ ಕೆಲಸ ಮಾಡ್ಲಿ. ಆದಷ್ಟು ಗಂಬೂಟ್ ಹಾಕಿ, ಬಂದ ಮೇಲೆ ಸೋಪಲ್ಲಿ ಕಾಲು ತೊಳೀರಿ. ಜ್ವರ, ಮೀನಖಂಡ ಹಿಡಿದು ಎಳೆಯೋ ನೋವು, ಕಣ್ಣು ಕೆಂಪು ಬಂದ್ರೆ ಅದೇ ದಿನ ಆಸ್ಪತ್ರೆಗೆ ಹೋಗಿ ಗದ್ದೆಗೆ ಇಳಿದಿದ್ದೆ ಅಂತ ಬಾಯಿಬಿಟ್ಟು ಹೇಳಿ, ಇಲ್ಲಾಂದ್ರೆ ಮಾಮೂಲಿ ಜ್ವರ ಅಂತ ಮಾತ್ರೆ ಕೊಟ್ಟು ಕಳಿಸ್ತಾರೆ. ತಡ ಮಾಡಿದ್ರೆ ಕಿಡ್ನಿಗೆ ಹೋಗುತ್ತೆ.

ಮಾದಾಪುರ ಹೊಳೆ:
ಇದುವರೆಗೂ ಓದ್ತಾ ಇದ್ದೆ, ಬರೆಯೋಣ ಅನ್ನಿಸ್ತು. 2018ರ ಆಗಸ್ಟಲ್ಲಿ ನಮ್ಮ ಕಡೆ ಗುಡ್ಡ ಜರಿದಾಗ ನಾವು ಒಂಬತ್ತು ದಿನ ಬೇರೆಯವರ ಮನೆಯಲ್ಲಿದ್ವಿ, ಒಟ್ಟು ಐದು ಸಂಸಾರ. ರಸ್ತೆ ಇಲ್ಲ, ಕರೆಂಟ್ ಇಲ್ಲ, ಫೋನ್ ಇಲ್ಲ. ಹೊರಗಿಂದ ತರಕಾರಿ ಗಾಡಿ ಬರೋದು ನಿಂತ ಮೇಲೆ ಗೊತ್ತಾಯ್ತು ನಮ್ಮೂರಲ್ಲಿ ಕಾಫಿ ಮೆಣಸು ಬಿಟ್ಟು ತಿನ್ನೋಕೆ ಏನೂ ಬೆಳೀತಿಲ್ಲ ಅಂತ. ಆ ಮನೆಯ ಅಜ್ಜಿ ಹತ್ತಿರ ಪತ್ತಾಯದಲ್ಲಿ (ಕಾಳು ತುಂಬೋ ಮರದ ಪೆಟ್ಟಿಗೆ) ಭತ್ತ ಇತ್ತು, ಹಿತ್ತಲಲ್ಲಿ ಕೆಸು ಇತ್ತು. ಅದನ್ನೇ ತಿಂದ್ವಿ. ಆ ಅಜ್ಜಿ ಒಂದು ಮಡಿ ಗದ್ದೆಯನ್ನ ಹಠ ಮಾಡಿ ಉಳಿಸ್ಕೊಂಡಿದ್ರಂತೆ, ಮಕ್ಕಳು ಬಿಡಿ ಬಿಡಿ ಅಂದ್ರೂ.

ಆಮೇಲೆ 2020ರ ಲಾಕ್‌ಡೌನಲ್ಲಿ ಸಂತೆ ನಿಂತಾಗ ಮತ್ತೆ ಅದೇ ಅನುಭವ. ನಷ್ಟ ಲಾಭ ಅಂತ ಮೇಲೆ ಚರ್ಚೆ ಆಯ್ತಲ್ಲ, ಆ ಒಂಬತ್ತು ದಿನದ ಲೆಕ್ಕ ಯಾವ ಪುಸ್ತಕದಲ್ಲಿ ಬರೆಯೋದು ಅಂತ ನನಗೆ ಗೊತ್ತಿಲ್ಲ. ನಾನಿರೋದು ದೂರ, ತಿಂಗಳಿಗೆ ಒಂದು ಭಾನುವಾರ ಬರ್ತೀನಿ. ಯಾವ ಕೆಲಸ ಆದ್ರೂ ಸರಿ.

ಶುಂಠಿ ಲೆಕ್ಕ:
ನಿಮ್ಮದು ಓದಿದ ಮೇಲೆ ಏನು ಬರೀಲಿ ಅಂತ ತಿಳೀತಿಲ್ಲ. ನಮ್ಮನೆಯಲ್ಲಿ ಒಂದು ಕೋನೋವೀಡರ್ ಸುಮ್ನೆ ಬಿದ್ದಿದೆ, ಇಲಾಖೆಯಿಂದ ಸಬ್ಸಿಡಿಯಲ್ಲಿ ತಗೊಂಡಿದ್ದು. ಈ ವರ್ಷ ಸಾಲಿಲ್ಲ ಅಂತೀರಿ, ಮುಂದಿನ ವರ್ಷಕ್ಕೆ ಇಟ್ಕೊಳ್ಳಿ. ವೀರಾಜಪೇಟೆಗೆ ಬಂದಾಗ ತಗೊಂಡು ಹೋಗಿ.

ಅಗೆಮಡಿ:
ಸರ್ ತುಂಬ ದೊಡ್ಡ ಉಪಕಾರ. ನಾಳೆಯೇ ಮೆಸೇಜ್ ಮಾಡ್ತೀನಿ.

ಎಲ್ಲ ಓದಿ ಅಮ್ಮನ ಹತ್ತಿರ, ಮಾವನ ಹತ್ತಿರ ಕೂತು ಮಾತಾಡಿದೆ. ನೋಟ್‌ಬುಕ್ ಇಟ್ಟಾಯ್ತು, ಈ ವರ್ಷದ ಅಕ್ಕಿ ದಿನದ ಲೆಕ್ಕದಲ್ಲೇ. ಹತ್ತು ಜನರ ಗುಂಪಿಗೆ ಇಲ್ಲೀವರೆಗೆ ಏಳು ಹೆಸರು ಬಂದಿದೆ. ಹಕ್ಕು ಕೇಳಲ್ಲ ಅಂತ ಬರೆದು ಕೊಡ್ತೀವಿ ಅಂದಾಗ ಮಾವ ಬೇಡಮ್ಮ ನಿನ್ನ ಮೇಲೆ ನಂಬಿಕೆ ಇದೆ ಅಂದ್ರು, ಆದ್ರೆ ಅವರ ಮಗ ಫೋನಲ್ಲಿ ಬರೆದು ಕೊಡಿ ಅಂತ ಕೇಳಿದ್ರು, ಕೇಳಿದ್ದು ಒಳ್ಳೇದೇ ಆಯ್ತು. ಲೈನ್ ಮನೆಗೆ ನಾಳೆ ಸಂಜೆ ಹೋಗ್ತೀನಿ. ರೈಟರ್ ಅಣ್ಣ, ಹೇಗೆ ಮಾತು ಶುರು ಮಾಡ್ಲಿ?

ರೈಟರ್ ಸಿದ್ದಾಪುರ:
ಕೆಲಸದ ಮಾತು ಎತ್ತಬೇಡಿ. ಬದು ಒಂದು ಕಡೆ ಒಡೀತಿದೆ, ಹೇಗೆ ಕಟ್ಟೋದು ಅಂತ ಹಿರಿಯರನ್ನ ಕೇಳಿ. ಹೋಗುವಾಗ ಕೈಯಲ್ಲಿ ಒಂದಿಷ್ಟು ಬೀಜ ಇರ್ಲಿ.

ಅಗೆಮಡಿ:
(ಭಾನುವಾರ ಸಂಜೆ) ಕಳೆ ಅರ್ಧ ಮುಗೀತು. 13 ಜನ ಬಂದಿದ್ರು. ಮಡಿಕೇರಿ ಚಳಿ ಅಣ್ಣ ಮೊದಲ ಬಸ್ಸಿಗೇ ಬಂದಿದ್ರು. ಲೈನ್ ಮನೆಯಿಂದ ನಾಲ್ಕು ಹೆಂಗಸರು ಏರುಮಡಿ ನೋಡೋಕೆ ಬಂದ್ರು, ಮೂರು ಮಡಿ ಆರಿಸ್ಕೊಂಡ್ರು, ಒಬ್ಬರು ಆಗಲೇ ಸೌತೆ ಹಾಕಿಬಿಟ್ರು. ಅವರಲ್ಲಿ ಹಿರಿಯರೊಬ್ಬರು ಗದ್ದೆಗೆ ಇಳಿಯಲಿಲ್ಲ, ಬದು ಮೇಲೆ ಒಂದು ಸುತ್ತು ನಡೆದು ಬಂದು, ನೀವು ನೀರು ಬಿಡೋ ಬಾಯಿ ತಪ್ಪು ಕಡೆ ಇಟ್ಟಿದ್ದೀರ ಅದಕ್ಕೇ ಈ ಮೂಲೆಯಲ್ಲಿ ಮಾತ್ರ ಇಷ್ಟು ಕಳೆ ಅಂದ್ರು. ನೀರು ನಿಲ್ಲದ ಕಡೆ ಕಳೆ ಏಳುತ್ತೆ ಅಂತ ಗೊತ್ತಿತ್ತು, ಆದ್ರೆ ಮೂರು ವರ್ಷದಿಂದ ಅದು ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ಬಾಯಿ ಬದಲಾಯಿಸಿದ್ವಿ. ಅವರಿಗೆ ಅರ್ಧ ದಿನದ ಕೂಲಿ ಕೊಟ್ವಿ, ಬರಲಾಗದ ಇಬ್ಬರು ಕಳಿಸಿದ್ದ ದುಡ್ಡಲ್ಲಿ.

ಮುಂದಿನ ಕಳೆ ಆಗಸ್ಟ್ 3, ಕಕ್ಕಡ 18. ಆ ದಿನ ಮಾಡೋ ಮದ್ದುಸೊಪ್ಪಿನ ಪಾಯಸ ಇರುತ್ತೆ. ಬರೋರು ಇವತ್ತೇ ಹೇಳಿ.

ಗಾಂಧಾರಿಮೆಣಸು:
ನಾನು ಮತ್ತೆ ನನ್ನ ಮಗಳು. ಕೆಸುವಿನ ಗೆಡ್ಡೆ ತರ್ತೀನಿ.

ಮಾದಾಪುರ ಹೊಳೆ:
ಒಬ್ಬ.

ಕುಶಾಲನಗರದವ:
ಬರ್ತೀನಿ. ಯೂರಿಯಾ ಬಗ್ಗೆ ಅಲ್ಲೇ ಮಾತಾಡೋಣ, ನಾನು ಇನ್ನೂ ಒಪ್ಪಿಲ್ಲ.

ಆಸ್ಪತ್ರೆ ಡ್ಯೂಟಿ:
ಡ್ಯೂಟಿ ಮುಗಿಸಿ 11ಕ್ಕೆ ಬರ್ತೀನಿ. ಗಂಬೂಟ್ ಎಷ್ಟು ಜೊತೆ ಇದೆ ನಿಮ್ಮ ಹತ್ತಿರ?

ಅಗೆಮಡಿ:
ಆರು ಜೊತೆ. ಎರಡು ತೂತಾಗಿದೆ.

ಕಕ್ಕಬ್ಬೆ ಮಳೆ:
ನಮ್ಮ ತೋಟದಲ್ಲಿ ಐದು ಜೊತೆ ಇದೆ, ಜೇನು ಪೆಟ್ಟಿಗೆ ಜೊತೆ ಜೀಪಲ್ಲಿ ಹಾಕ್ಕೊಂಡು ಬರ್ತೀನಿ.